ಮರದಿಂದ ಬೀಳಲಿಲ್ಲ, ಸ್ನಾಯು ಮಾತ್ರ ಒಡೆಯಿತು

ಪ್ರಶ್ನೆ: ಬೆಂಗಳೂರಿನಿಂದ ರಜೆಯಲ್ಲಿ ಬಂದಿದ್ದ ಅಣ್ಣನ ಮಗ ಹಟಕ್ಕೆ ಬಿದ್ದು ಒಂದಿಡೀ ದಿನ ಅಡಿಕೆ ಮರ ಹತ್ತಿದ. ಬೀಳಲಿಲ್ಲ, ಪೆಟ್ಟಾಗಲಿಲ್ಲ. ಎರಡು ದಿನದಲ್ಲಿ ತೊಡೆ ಬಾತುಕೊಂಡು, ಮೂತ್ರ ಹಾಲು ಹಾಕದ ಚಾದ ಬಣ್ಣಕ್ಕೆ ತಿರುಗಿತು. ಸ್ನಾಯು ಒಡೆದಿದೆ, ಕಿಡ್ನಿ ಜಾಗ್ರತೆ ಎಂದು ಡಾಕ್ಟರು ಅಡ್ಮಿಟ್ ಮಾಡಿಕೊಂಡರು. ಪೆಟ್ಟಾಗದೆ ಸ್ನಾಯು ಒಡೆಯುವುದುಂಟೆ? ಉಷ್ಣ ಅಂತ ನಾವು ಬೊಂಡ ಕುಡಿಸಿದ್ದು ತಪ್ಪಾಯಿತೆ?
– ಓದುಗರೊಬ್ಬರು, ಅರಂತೋಡು

ಉತ್ತರ: ಉಂಟು. ರಾಬ್ಡೋಮಯೋಲಿಸಿಸ್ ಎಂಬ ನಾಲಿಗೆ ತಿರುಗದ ಹೆಸರು ಅದಕ್ಕೆ. 1941ರಲ್ಲಿ, ಬಾಂಬು ಬಿದ್ದ ಲಂಡನ್ನಿನ ಮನೆಗಳಡಿ ಸಿಕ್ಕಿಬಿದ್ದು ಬದುಕಿ ಬಂದವರು ಆಮೇಲೆ ಕಿಡ್ನಿ ಕೆಟ್ಟು ಸಾಯುವುದನ್ನು ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ವಿವರವಾಗಿ ಬರೆದರು. ಹಾಗಾಗಿ ಇದು ಜಜ್ಜಿಹೋದವರ ಕಾಯಿಲೆ ಎಂಬ ಭಾವನೆ ಬಹುಕಾಲ ಇತ್ತು. ಜಜ್ಜಲೇಬೇಕೆಂದಿಲ್ಲ.

ಕಾಲಿಗೆ ತಳೆ ಹಾಕಿ ಮರ ಹತ್ತುವುದೆಂದರೆ ಮೈಭಾರವನ್ನೆಲ್ಲ ತೊಡೆಯಿಂದ ಎತ್ತುವ ಬಸ್ಕಿ. ಇಳಿಯುವಾಗ ಇನ್ನೂ ಕಷ್ಟ: ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿದಿರಬೇಕು. ವರ್ಷವಿಡೀ ಹತ್ತುವವರ ತೊಡೆ ಅದಕ್ಕೆ ಪಳಗಿರುತ್ತದೆ. ಕುರ್ಚಿಯಲ್ಲಿ ಕೂತು ದುಡಿಯುವವರದ್ದು ಪಳಗಿರುವುದಿಲ್ಲ. ಶಕ್ತಿ ಮುಗಿದ ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ, ಕೋಶ ತನ್ನ ಗೋಡೆಯನ್ನು ತಾನೇ ಕರಗಿಸಿಕೊಳ್ಳುತ್ತದೆ. ಸೆಕೆ, ಬೆವರು, ನೀರು ಕುಡಿಯದಿರುವುದು ಸೇರಿದರೆ ಕೇಳುವುದೇ ಬೇಡ. ಜಿಮ್ಮಿಗೆ ಸೇರಿದ ಮೊದಲ ವಾರವೇ ನೂರಾರು ಬಸ್ಕಿ ಹೊಡೆದವರಿಗೂ ಹೀಗೆಯೇ ಆಗುತ್ತದೆ. ಕಣಜಗಳ ಹಿಂಡು ಕಚ್ಚಿದಾಗ, ಇಲಿಜ್ವರದಲ್ಲಿ, ಅಪಸ್ಮಾರದ ಸೆಳೆತದಲ್ಲಿ, ಅಪರೂಪಕ್ಕೆ ಕೊಲೆಸ್ಟರಾಲಿನ ಸ್ಟಾಟಿನ್ ಮಾತ್ರೆಯಿಂದಲೂ ಆಗಬಹುದು. (ಇದನ್ನೋದಿ ಸ್ಟಾಟಿನ್ ನಿಲ್ಲಿಸಬೇಡಿ. ಮೈಕೈ ವಿಪರೀತ ನೋವಿದ್ದರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.)

ಇನ್ನು ಆ ಚಾದ ಬಣ್ಣ. ಅದು ರಕ್ತವಲ್ಲ, ಸ್ನಾಯುವಿಗೆ ಕೆಂಪು ಕೊಡುವ ಮಯೋಗ್ಲೋಬಿನ್. ಮೂತ್ರದಲ್ಲಿ ಅದ್ದುವ ಪರೀಕ್ಷೆಯ ಪಟ್ಟಿ ಇದನ್ನು ರಕ್ತವೆಂದೇ ತೋರಿಸುತ್ತದೆ. ಅದೇ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಕೆಂಪು ರಕ್ತಕಣ ಕಾಣಿಸುವುದೇ ಇಲ್ಲ. ಅಲ್ಲಿಗೆ ಡಾಕ್ಟರಿಗೆ ಸಂಶಯ ಬರುತ್ತದೆ. ಖಚಿತಕ್ಕೆ ರಕ್ತದಲ್ಲಿ ಸಿ.ಕೆ. ಎಂಬ ಸ್ನಾಯುವಿನ ಕಿಣ್ವ ಎಷ್ಟಿದೆಯೆಂದು ನೋಡುತ್ತಾರೆ. ಸಾಮಾನ್ಯವಾಗಿ 200ರ ಒಳಗಿರುವ ಅದು 5,000 ದಾಟಿದರೆ ಕಿಡ್ನಿಗೆ ಅಪಾಯವೆಂದು ಲೆಕ್ಕ. ಲಕ್ಷ ಮುಟ್ಟುವುದೂ ಇದೆ. ಮಯೋಗ್ಲೋಬಿನ್ ಕಿಡ್ನಿಯ ಸಪೂರ ನಾಳಗಳಲ್ಲಿ, ಅಡಿಕೆ ತೋಟದ ಕಣಿಯಲ್ಲಿ ಸೋಗೆ ಸಿಕ್ಕಿಕೊಂಡ ಹಾಗೆ ಗಟ್ಟಿಕಟ್ಟಿ ಹರಿವು ತಡೆಯುತ್ತದೆ. ಅದರಲ್ಲಿರುವ ಕಬ್ಬಿಣ ನಾಳದ ಗೋಡೆಯನ್ನೂ ಸುಡುತ್ತದೆ. ಅದಕ್ಕೇ ಡ್ರಿಪ್ಪಿನಲ್ಲಿ ಧಾರಾಳವಾಗಿ ಸಲೈನ್ ಕೊಟ್ಟು, ಗಂಟೆಗೆ 200ರಿಂದ 300 ಮಿ.ಲೀ. ಮೂತ್ರ ಹೋಗುವಂತೆ ನೋಡಿಕೊಳ್ಳುವುದು. ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ಬದುಕುಳಿದವರಲ್ಲಿ ಹೆಚ್ಚಿನವರ ಕಿಡ್ನಿ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ.

ಬೊಂಡದ ವಿಷಯಕ್ಕೆ ಬರೋಣ. ಒಡೆದ ಸ್ನಾಯುವಿನಿಂದ ಪೊಟ್ಯಾಸಿಯಂ ಕೂಡ ರಕ್ತಕ್ಕೆ ಸುರಿಯುತ್ತದೆ. ಕಿಡ್ನಿ ಸೋತಿದ್ದರೆ ಹೊರಹೋಗಲು ದಾರಿಯಿಲ್ಲ. ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಈ ಕಾಯಿಲೆಯಲ್ಲಿ ಮೊದಲ ದಿನಗಳ ದೊಡ್ಡ ಹೆದರಿಕೆ ಅದೇ. ಒಂದು ಬೊಂಡದಲ್ಲಿ ಹೆಚ್ಚುಕಡಿಮೆ ಎರಡು ಬಾಳೆಹಣ್ಣಿನಷ್ಟು ಪೊಟ್ಯಾಸಿಯಂ ಇರುತ್ತದೆ. ಮೂತ್ರ ಹೋಗುತ್ತಿದ್ದವನಿಗೆ ನೀವು ಕೊಟ್ಟ ಬೊಂಡದಿಂದಲೇ ಕೆಟ್ಟಿತೆನ್ನಲಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಮೂತ್ರ ಕಪ್ಪಾದಾಗ ಉಷ್ಣವೆಂದು ಬೊಂಡ ಕುಡಿಸುತ್ತಾ ಮನೆಯಲ್ಲಿ ದಿನ ಕಳೆಯುವುದು ತಪ್ಪೇ. ಅದಕ್ಕಿಂತ ದೊಡ್ಡ ತಪ್ಪು, ನೋವಿಗೆಂದು ಮೆಡಿಕಲ್ಲಿನಿಂದ ತಂದು ನುಂಗುವ ಡೈಕ್ಲೊಫೆನಾಕ್ ಮಾತ್ರೆ. ಅದು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ.

ಹುಡುಗನಿಗೆ ಮತ್ತೆ ಬೊಂಡ ಯಾವಾಗ ಕೊಡಬಹುದೆಂದು ಪೊಟ್ಯಾಸಿಯಂ ರಿಪೋರ್ಟ್ ನೋಡಿ ಡಾಕ್ಟರೇ ಹೇಳಲಿ. ಅಲ್ಲಿಯವರೆಗೆ ಅಡಿಕೆ ಮರವೂ ಬೇಡ.