ಹೊಲದ ಮೇಲೆ ಹೋಗುವ ಲೈನು ಪಂಪ್‌ಸೆಟ್‌ಗೇಕೆ ಇಳಿಯುವುದಿಲ್ಲ?

ಪ್ರಶ್ನೆ: ಪಾವಗಡದ ಸೋಲಾರ್ ಪಾರ್ಕಿನಿಂದ ಹೊರಡುವ ದೊಡ್ಡ ಲೈನು ನಮ್ಮ ಹೊಲದ ಮೇಲೇ ಹೋಗಿದೆ. ಆದರೂ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಎಂದು ಕಾಯುತ್ತೇವೆ. ಆ ಲೈನಿನಿಂದಲೇ ಕೊಡಬಾರದೇ? ಅದು ಎಲ್ಲಿ ಹೋಗಬೇಕೆಂದು ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ತಲೆಯ ಮೇಲೇ ಹರಿಯುವ ಕರೆಂಟು ಕೈಗೆ ಸಿಗದಿದ್ದರೆ ಯಾರಿಗಾದರೂ ಈ ಸಂಶಯ ಬರುತ್ತದೆ.

ಮೊದಲು ಲೈನು ಅಷ್ಟು ದೊಡ್ಡದೇಕೆ ಎಂಬುದನ್ನು ನೋಡೋಣ. ಪಾವಗಡದ ಪಾರ್ಕು ಸುಮಾರು 13,000 ಎಕರೆಯಲ್ಲಿದೆ, ಅದರ ಸಾಮರ್ಥ್ಯ 2,050 ಮೆಗಾವಾಟ್. ಅಷ್ಟು ವಿದ್ಯುತ್ತನ್ನು ತಾಲ್ಲೂಕೊಂದೇ ಬಳಸಿ ಮುಗಿಸಲಾರದು, ದೂರ ಸಾಗಿಸಲೇಬೇಕು. ನಿಮ್ಮೂರಿನ ಟಿ.ಸಿ.ಗೆ ಬರುವ ತಂತಿಯಲ್ಲಿರುವುದು 11 ಸಾವಿರ ವೋಲ್ಟ್. ಅದೇ ವೋಲ್ಟಿನಲ್ಲಿ 2,000 ಮೆಗಾವಾಟ್ ಸಾಗಿಸಹೊರಟರೆ ಒಂದು ಲಕ್ಷಕ್ಕೂ ಹೆಚ್ಚು ಆಂಪಿಯರ್ ಹರಿಯಬೇಕಾಗುತ್ತದೆ, ತಂತಿ ಕಾದು ಕರಗೀತು. 4 ಲಕ್ಷ ವೋಲ್ಟಿಗೆ ಏರಿಸಿದರೆ ಮೂರು ಸಾವಿರ ಆಂಪಿಯರಿಗಿಂತ ಕಡಿಮೆ ಸಾಕು. ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಆಂಪಿಯರ್ ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಪಾರ್ಕಿನ ವಿದ್ಯುತ್ತನ್ನೆಲ್ಲ 220 ಕೆ.ವಿ.ಯಲ್ಲಿ (ಒಂದು ಕೆ.ವಿ. ಎಂದರೆ ಸಾವಿರ ವೋಲ್ಟ್) ಒಂದೆಡೆ ಕೂಡಿಸಿ, ಪೂಲಿಂಗ್ ಸ್ಟೇಷನ್ನಿನಲ್ಲಿ 400 ಕೆ.ವಿ.ಗೆ ಏರಿಸಿ ಹೊರಗೆ ಕಳುಹಿಸುವುದು ಇದಕ್ಕಾಗಿಯೇ.

ಈ ವೋಲ್ಟಿನ ಅಂದಾಜು ನಿಮಗೆ ನಿಂತಲ್ಲೇ ಸಿಗುತ್ತದೆ. ಟವರಿನಿಂದ ಸ್ವಲ್ಪ ದೂರದಲ್ಲಿ ನಿಂತು, ತಂತಿಯನ್ನು ಹಿಡಿದಿರುವ ಪಿಂಗಾಣಿ ಅಥವಾ ಗಾಜಿನ ಬಿಲ್ಲೆಗಳ ಸರವನ್ನು ಎಣಿಸಿ. 220 ಕೆ.ವಿ. ಲೈನಿನಲ್ಲಿ ಹದಿಮೂರು ಹದಿನಾಲ್ಕು ಇದ್ದರೆ, 400 ಕೆ.ವಿ.ಯಲ್ಲಿ ಸುಮಾರು ಇಪ್ಪತ್ತಮೂರು ಇರುತ್ತವೆ. ಕಬ್ಬಿಣಕ್ಕೆ ವಿದ್ಯುತ್ ಹಾರದಂತೆ ತಡೆಯಲು ಅಷ್ಟು ಅಂತರ ಬೇಕು. ಅಲ್ಲಿಂದ ನಿಮ್ಮ ಮೋಟರಿಗೆ ಇಳಿಸಬೇಕೆಂದರೆ 400 ಕೆ.ವಿ.ಯಿಂದ 220, ಆಮೇಲೆ 66, ಆಮೇಲೆ 11 ಕೆ.ವಿ., ಕೊನೆಗೆ 415 ವೋಲ್ಟ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರಬೇಕು. ಒಂದೊಂದು ಮೆಟ್ಟಿಲಿಗೂ ಟ್ರಾನ್ಸ್‌ಫಾರ್ಮರ್, ಬ್ರೇಕರ್ ಬೇಕು. ಮೇಲಿನವಕ್ಕೆ ಎಕರೆಗಟ್ಟಲೆ ಜಾಗವೂ ಬೇಕು. ಒಂದು ಹೊಲಕ್ಕಾಗಿ ಅದನ್ನು ಕಟ್ಟಲಾಗುವುದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ನಾಲೆಯ ನೀರಿನಂತೆ ಪಾವಗಡದ ಕರೆಂಟು ನಿಮ್ಮೂರನ್ನು ದಾಟಿ ಬೇರೆಯವರ ಪಾಲಾಗುತ್ತಿದೆ ಎಂದು ನೀವು ಭಾವಿಸಿರಬಹುದು. ಹಾಗಿಲ್ಲ. ಗ್ರಿಡ್ ಎಲ್ಲ ಕಡೆಯ ವಿದ್ಯುತ್ತು ಬೆರೆಯುವ ಒಂದೇ ಜಾಲ. ಮಟಮಟ ಮಧ್ಯಾಹ್ನ ನಿಮ್ಮ ಮೋಟರು ಓಡುತ್ತಿದ್ದರೆ ಅದರಲ್ಲಿ ಪಾವಗಡದ ಬಿಸಿಲಿನ ಪಾಲೂ ಇರುತ್ತದೆ, ಬರುವುದು ಮಾತ್ರ ನಿಮ್ಮ ಫೀಡರಿನ ಮೂಲಕ. ತ್ರೀ ಫೇಸ್‌ಗೆ ಕಾಯಬೇಕಾಗುವುದು ಕೆಳಗಿನ ಜಾಲದ ಸಾಮರ್ಥ್ಯ ಮತ್ತು ವೇಳಾಪಟ್ಟಿಯಿಂದ. ಆ ಬೇಡಿಕೆಯನ್ನು ನಿಮ್ಮ ಭಾಗದ ವಿದ್ಯುತ್ ವಿತರಣಾ ಕಂಪನಿಯಾದ ಎಸ್ಕಾಂ ಮುಂದಿಡಬೇಕು.

ಇನ್ನು ಯೋಜನೆಯ ವಿಷಯ. ಎಂಜಿನಿಯರುಗಳು ಮೊದಲು ನೋಡುವುದು ಹೊಲವನ್ನಲ್ಲ, ಹರಿವಿನ ಲೆಕ್ಕವನ್ನು. ಬಿಸಿಲು ಹೆಚ್ಚಿರುವ ಹೊತ್ತಿನಲ್ಲಿ ಯಾವ ಲೈನಿನಲ್ಲಿ ಎಷ್ಟು ಹರಿಯುತ್ತದೆ, ಒಂದು ಸರ್ಕ್ಯೂಟ್ ಕೆಟ್ಟರೆ ಉಳಿದವು ಹೊರೆ ತಾಳುತ್ತವೆಯೇ ಎಂದು ಕಂಪ್ಯೂಟರಿನಲ್ಲಿ ಪರೀಕ್ಷಿಸುತ್ತಾರೆ. ಎರಡನೆಯದಕ್ಕೆ ‘ಎನ್ ಮೈನಸ್ ಒನ್’ ಎಂದು ಹೆಸರು. ನಿಮ್ಮ ಟವರಿನ ಎರಡೂ ಬದಿಗೆ ಮೂರು ಮೂರು ತೋಳುಗಳಿದ್ದರೆ ಅಲ್ಲಿ ಎರಡು ಸರ್ಕ್ಯೂಟ್‌ಗಳಿವೆ ಎಂದು ಅರ್ಥ. ಸೌರ ವಿದ್ಯುತ್ತಿನಲ್ಲಿ ಇನ್ನೊಂದು ತೊಡಕಿದೆ. ಲೈನನ್ನು ಮಧ್ಯಾಹ್ನದ ಹೊರೆಗೆ ಕಟ್ಟಬೇಕು, ರಾತ್ರಿ ಆ ಸೌರ ವಿದ್ಯುತ್ತು ಇರುವುದೇ ಇಲ್ಲ. ಆದ್ದರಿಂದ ಮಳೆಗಾಲದಲ್ಲೂ ಸಂಜೆ ಹೊತ್ತಿನಲ್ಲೂ ಬೀಸುವ ಚಿತ್ರದುರ್ಗ, ಗದಗ ಕಡೆಯ ಗಾಳಿ ವಿದ್ಯುತ್ತನ್ನು ಜೊತೆಗಿಟ್ಟುಕೊಂಡು ಜಾಲವನ್ನು ಯೋಜಿಸುವುದು ಜಾಣತನ.

ಆಮೇಲೆ ದಾರಿಯ ಸರ್ವೆ. ಊರು, ಕೆರೆ, ಕಾಡು, ವಿಮಾನ ನಿಲ್ದಾಣಗಳನ್ನು ತಪ್ಪಿಸಬೇಕು, ಆದರೆ ತಿರುವು ಕಡಿಮೆ ಇರಬೇಕು. ನೇರ ಸಾಲಿನ ಟವರಿನಲ್ಲಿ ಬಿಲ್ಲೆಸರ ಕೆಳಮುಖವಾಗಿ ತೂಗುತ್ತದೆ. ತಿರುವಿನ ಟವರಿನಲ್ಲಿ ಅದು ತಂತಿಯ ಜೊತೆ ಅಡ್ಡಕ್ಕೆ ಚಾಚಿರುತ್ತದೆ, ಏಕೆಂದರೆ ಆ ಟವರು ತಂತಿಯ ಎಳೆತವನ್ನೆಲ್ಲ ತಾಳಿಕೊಳ್ಳಬೇಕು. ಅದರ ಕಬ್ಬಿಣವೂ ಹೆಚ್ಚು, ಪಾಯವೂ ದೊಡ್ಡದು. ನಿಮ್ಮ ಹೊಲವನ್ನು ಬಳಸಿ ಹೋಗಲು ಎರಡು ತಿರುವು ಹೆಚ್ಚಾಗುವುದಾದರೆ ಸರ್ವೆಯವರು ಹಿಂಜರಿಯುವುದು ಅದಕ್ಕೇ.

ನಿಮ್ಮ ಅಸಮಾಧಾನಕ್ಕೆ ನ್ಯಾಯವಾದ ಕಾರಣವೂ ಇದೆ. ಪಾರ್ಕಿಗೆ ಭೂಮಿ ಕೊಟ್ಟವರಿಗೆ ಎಕರೆಗೆ 21,000 ರೂಪಾಯಿಯಿಂದ ಶುರುವಾಗಿ ವರ್ಷ ವರ್ಷ ಗುತ್ತಿಗೆ ಹಣ ಬರುತ್ತದೆ. ಲೈನಿನಡಿಯ ರೈತರಿಗೆ ಭೂಮಿ ತಮ್ಮ ಹೆಸರಿನಲ್ಲೇ ಉಳಿಯುತ್ತದೆ, ಆದರೆ ಪರಿಹಾರ ಒಂದೇ ಸಲ. 400 ಕೆ.ವಿ. ಲೈನಿಗೆ 46 ಮೀಟರ್ ಅಗಲದ ಪಟ್ಟಿ ಬೇಕು. ಅದರಡಿ ರಾಗಿ, ಶೇಂಗಾ ಬೆಳೆಯಬಹುದು. ತೆಂಗು ಅಡಿಕೆ ಇಡುವಂತಿಲ್ಲ, ಮನೆ ಕಟ್ಟುವಂತಿಲ್ಲ. ಕೇಂದ್ರದ 2024ರ ಮಾರ್ಗಸೂಚಿ ಟವರ್ ನಿಲ್ಲುವ ಜಾಗಕ್ಕೆ ಭೂಮಿಯ ಬೆಲೆಯ ಶೇ. 200, ಪಟ್ಟಿಗೆ ಶೇ. 30 ಎಂದು ಸೂಚಿಸಿದೆ. ರಾಜ್ಯ ಅದನ್ನು ಒಪ್ಪಿ ಆದೇಶ ಮಾಡಿದಂತೆ ಅದು ಜಾರಿಗೆ ಬರುತ್ತದೆ. ತೋಟದ ಭೂಮಿಗೆ ಶೇ. 30 ಸಾಲದೆಂದೇ ನನ್ನ ಅಭಿಪ್ರಾಯ.

ನಿಮ್ಮ ಕಡೆ ಮುಂದೆ ಇನ್ನೊಂದು ಲೈನಿನ ಸರ್ವೆ ಬಂದರೆ, ಗೂಟ ನೆಡುವ ದಿನವೇ ಪಹಣಿ ಹಿಡಿದು ಹೋಗಿ. ಬೋರ್‌ವೆಲ್ ಎಲ್ಲಿದೆ, ಮರ ಎಷ್ಟಿವೆ ಎಂದು ಬರೆಸಿ, ಟವರನ್ನು ಬದುವಿನ ಕಡೆಗೆ ಸರಿಸಲಾಗುತ್ತದೆಯೇ ಎಂದು ಕೇಳಿ. ಎರಡು ಟವರುಗಳ ನಡುವೆ ಸುಮಾರು 400 ಮೀಟರ್ ಇರುವುದರಿಂದ ಆ ಹಂತದಲ್ಲಿ ಹತ್ತಿಪ್ಪತ್ತು ಮೀಟರ್ ಹಿಂದು ಮುಂದು ಮಾಡಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಪಾಯ ತೋಡಿದ ಮೇಲೆ ಇರುವುದಿಲ್ಲ.