ಗುರುಗಳ ಕ್ಯಾಸೆಟ್ಟಿನ ಶ್ರುತಿ ಏರಿದ್ದೇಕೆ? – ಕಂಪ್ಯೂಟರಿನಲ್ಲಿ ಹಾಡು ಕೇಳುವಾಗ ಬರುವ ತೊಂದರೆಗಳು



ವಾರಕ್ಕೊಂದು ದೇವರನಾಮದ ಅರ್ಥ, ರಾಗ, ತಾಳ ಅಂತ ಬರೆಯುವವಳು ಈ ಸಲ ಕಂಪ್ಯೂಟರ್ ವಿಷಯ ಹಿಡಿದು ಕೂತಿದ್ದೀನಲ್ಲ ಅಂತ ಆಶ್ಚರ್ಯ ಆಗಬಹುದು. "ಆಂಟಿ, ನೀವು ಕಳಿಸಿದ ಹಾಡು ಓಪನ್ ಆಗುತ್ತೆ, ಸೌಂಡ್ ಬರಲ್ಲ", "ಪಿಟೀಲು ಕೇಳ್ಸುತ್ತೆ, ಹಾಡೋರ ದನಿಯೇ ಇಲ್ಲ" ಅಂತ ಮೆಸೇಜುಗಳು ಬರ್ತಾನೇ ಇರುತ್ತವೆ. ನಾನು ಎಂಜಿನಿಯರ್ ಅಲ್ಲ. ಮಗ ಕಾಲೇಜಿಗೆ ಹೋದ ಮೇಲೆ ಈ ಅಮೆರಿಕದ ಮನೆಯಲ್ಲಿ ಇಂಥದ್ದನ್ನೆಲ್ಲ ಕೇಳೋಕೆ ಯಾರೂ ಇಲ್ಲದೆ ನಾನೇ ಒಂದೊಂದಾಗಿ ಕಲಿತೆ. ಜೊತೆಗೆ ಈ ಬೇಸಿಗೆಯಲ್ಲಿ ನನ್ನಿಂದ ಒಂದು ತಪ್ಪೂ ಆಯಿತು. ಅದನ್ನೂ ಹೇಳಬೇಕಾಗಿದೆ.

ಮೊದಲು ಸುಲಭದ್ದು. ಏನೂ ಕೇಳಿಸುತ್ತಿಲ್ಲ ಅಂದರೆ ಹೆಚ್ಚಿನ ಸಲ ಸ್ಪೀಕರ್ ಕೆಟ್ಟಿರುವುದಿಲ್ಲ, ಹಾಡು ಬೇರೆ ಎಲ್ಲಿಗೋ ಹೋಗುತ್ತಿರುತ್ತದೆ. ಎಚ್‌ಡಿಎಂಐ ಕೇಬಲ್ಲಿನಲ್ಲಿ ದೊಡ್ಡ ಮಾನಿಟರ್ ಜೋಡಿಸಿದರೆ ಕಂಪ್ಯೂಟರು ಎಷ್ಟೋ ಸಲ ಶಬ್ದವನ್ನೂ ಅಲ್ಲಿಗೇ ಕಳಿಸಿಬಿಡುತ್ತದೆ. ಆ ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೂ ಸರಿ! ವಿಂಡೋಸ್ 11ರಲ್ಲಿ ಕೆಳಗೆ ಬಲಗಡೆ ಇರುವ ಸ್ಪೀಕರ್ ಚಿತ್ರ ಒತ್ತಿ, ವಾಲ್ಯೂಮ್ ಗೆರೆಯ ಪಕ್ಕದ ಸಣ್ಣ ಗುರುತನ್ನು ಮುಟ್ಟಿದರೆ ಶಬ್ದ ಯಾವ ಕಡೆಗೆ ಹೋಗುತ್ತಿದೆ ಅಂತ ಪಟ್ಟಿ ತೋರಿಸುತ್ತದೆ. ಅಲ್ಲಿ ನಿಮ್ಮ ಸ್ಪೀಕರನ್ನು ಆರಿಸಿ. ಬ್ರೌಸರಿನಲ್ಲಿ ಕೇಳುತ್ತಿದ್ದರೆ ಆ ಟ್ಯಾಬ್ ಮ್ಯೂಟ್ ಆಗಿದೆಯೇ ಅಂತಲೂ ನೋಡಿ. ಆಮೇಲೆ ಒಂದು ಸಲ ರೀಸ್ಟಾರ್ಟ್ ಮಾಡಿ. ನಗಬೇಡಿ, ಅರ್ಧಕ್ಕರ್ಧ ತೊಂದರೆ ಅದರಲ್ಲೇ ಹೋಗುತ್ತದೆ.

ಇನ್ನು ದನಿ ಮಾಯವಾಗುವುದು. ಇದು ನನಗೆ ತುಂಬ ಇಷ್ಟವಾದ ತೊಂದರೆ. ಮೃದಂಗ, ಪಿಟೀಲು ಎಲ್ಲ ಕೇಳಿಸುತ್ತದೆ, ಹಾಡುವವರು ಮಾತ್ರ ಎಲ್ಲೋ ಬಾವಿಯೊಳಗಿಂದ ಹಾಡಿದ ಹಾಗಿರುತ್ತದೆ. ಹೆಡ್‌ಫೋನಿನ ಪಿನ್ನನ್ನು ಒಮ್ಮೆ ನೋಡಿ. ತುದಿಯ ಭಾಗ ಎಡ ಕಿವಿಗೆ, ಮುಂದಿನ ಉಂಗುರ ಬಲ ಕಿವಿಗೆ, ಹಿಂದಿನ ಭಾಗ ಎರಡಕ್ಕೂ ಸೇರಿದ ವಾಪಸು ದಾರಿ. ಪಿನ್ ಪೂರ್ತಿ ಒಳಗೆ ಹೋಗದೆ ಆ ವಾಪಸು ದಾರಿ ಕಡಿದುಹೋದರೆ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ ಕಿವಿಗೆ ಬೀಳುತ್ತದೆ. ಸ್ಟುಡಿಯೋದಲ್ಲಿ ಗಾಯಕರ ದನಿಯನ್ನು ಸಾಮಾನ್ಯವಾಗಿ ಮಧ್ಯದಲ್ಲಿ, ಅಂದರೆ ಎರಡೂ ಕಡೆ ಒಂದೇ ಸಮನಾಗಿ ಇಟ್ಟಿರುತ್ತಾರೆ. ಸಮ ಸಮ ಕಳೆದರೆ ಸೊನ್ನೆ ತಾನೆ? ಹಾಗಾಗಿ ದನಿ ಹೋಗುತ್ತದೆ, ಪಕ್ಕವಾದ್ಯ ಉಳಿಯುತ್ತದೆ. ಹಾಡಿನಿಂದ ದನಿ ತೆಗೆಯುವ ಹಳೆಯ ಕ್ಯಾರಿಯೋಕೆ ಯಂತ್ರಗಳು ಇದೇ ಲೆಕ್ಕವನ್ನು ಬೇಕಂತಲೇ ಮಾಡುತ್ತಿದ್ದವು. ಪಿನ್ನನ್ನು ಟಕ್ ಅನ್ನುವವರೆಗೂ ತಳ್ಳಿ, ಆಗಲೂ ಸರಿಹೋಗದಿದ್ದರೆ ಬೇರೆ ಹೆಡ್‌ಫೋನ್ ಹಾಕಿ ನೋಡಿ.

ಬ್ಲೂಟೂತ್ ಹೆಡ್‌ಸೆಟ್ಟಿನವರಿಗೆ ಒಂದು ಮಾತು. ಕ್ಲಾಸಿನಲ್ಲಿ ಮೈಕ್ ಆನ್ ಆದ ಕೂಡಲೆ ಹಾಡು ಹಳೇ ಟೆಲಿಫೋನಿನ ಹಾಗೆ ಕೇಳಿಸಿದರೆ, ಆ ಹೆಡ್‌ಸೆಟ್ ಹಾಡು ಕೇಳಿಸುವ ಕ್ರಮದಿಂದ ಫೋನ್ ಮಾತಾಡುವ ಕ್ರಮಕ್ಕೆ ಬದಲಾಗಿದೆ ಅಂತ ಅರ್ಥ. ಮೈಕ್ ಮಾತ್ರ ಕಂಪ್ಯೂಟರಿನದ್ದನ್ನೇ ಆರಿಸಿಕೊಂಡರೆ ಸಾಕು. ಕರೆ ಶುರುವಾದ ತಕ್ಷಣ ತಂಬೂರಿ ಆಪ್ ಪಿಸುಗುಟ್ಟುವ ಹಾಗಾದರೆ ಕಂಟ್ರೋಲ್ ಪ್ಯಾನೆಲಿನ ಸೌಂಡ್ ವಿಭಾಗಕ್ಕೆ ಹೋಗಿ ಕಮ್ಯುನಿಕೇಷನ್ಸ್ ಅನ್ನುವಲ್ಲಿ ನೋಡಿ. ಉಳಿದ ಶಬ್ದಗಳನ್ನು ಶೇಕಡ 80 ತಗ್ಗಿಸು ಅಂತ ಅಲ್ಲಿ ಮೊದಲೇ ಗುರುತಾಗಿರಬಹುದು. "ಏನೂ ಮಾಡಬೇಡ" ಅನ್ನುವುದನ್ನು ಆರಿಸಿ.

ಈಗ ನನ್ನ ಕಥೆ.

ನನ್ನ ಗುರುಗಳು ಮೈಸೂರಿನಲ್ಲಿ ಮನೆಯಲ್ಲೇ ಪಾಠ ಹೇಳಿಕೊಡುತ್ತಿದ್ದವರು. ಕಚೇರಿ ಮಾಡಿದವರಲ್ಲ, ರೆಕಾರ್ಡ್ ಕೊಟ್ಟವರಲ್ಲ. ಅವರ ದನಿ ಉಳಿದಿರುವುದು ನಾನು ಮದುವೆಯಾಗಿ ಹೊರಡುವ ಮುಂಚೆ ಟೇಪ್‌ರೆಕಾರ್ಡರ್ ಎದುರಿಗಿಟ್ಟು ತುಂಬಿಕೊಂಡ ಎಂಟು ಕ್ಯಾಸೆಟ್ಟುಗಳಲ್ಲಿ ಮಾತ್ರ. ಅವು ಅಣ್ಣನ ಮನೆಯ ಬೀರುವಿನಲ್ಲಿದ್ದವು. ಅಣ್ಣ ಒಂದು ಕ್ಯಾಸೆಟ್ಟನ್ನು ಅಂಗಡಿಯಲ್ಲಿ ಕೊಟ್ಟು ಡಿಜಿಟಲ್ ಮಾಡಿಸಿ ಕಳಿಸಿದ. ಕೇಳಿದೆ, ಅತ್ತೆ. ಆ ದಿನ ಅಷ್ಟೇ ಆಗಿದ್ದು. ಮಾರನೆ ದಿನ ಅದನ್ನು ನನ್ನ ಹಿರಿಯ ಶಿಷ್ಯೆಗೆ, ಹದಿನಾರು ವರ್ಷದ ಹುಡುಗಿಗೆ, ಕಳಿಸಿ "ಇದರ ಜೊತೆಗೇ ಹಾಡಿ ಅಭ್ಯಾಸ ಮಾಡು, ಈ ಪಾಠಾಂತರ ಇನ್ನೆಲ್ಲೂ ಸಿಗೋದಿಲ್ಲ" ಅಂದೆ.

ಮೂರು ವಾರ ಕಳೆದರೂ ಹುಡುಗಿಗೆ ಮೇಲಿನ ಷಡ್ಜ ದಾಟಲು ಆಗುತ್ತಿಲ್ಲ. ಗಂಟಲು ಬಿಗಿಯುತ್ತಿದೆ. ನಾನು ಅವಳ ತಾಯಿಗೆ ಫೋನ್ ಮಾಡಿ "ಅಭ್ಯಾಸ ಸಾಲದು" ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಆ ಮಗು ಒಂದೇ ಮಾತು ಕೇಳಿತು. "ಆಂಟಿ, ನನ್ನ ತಂಬೂರಿ ಬಾಕ್ಸ್ ಈ ರೆಕಾರ್ಡಿಂಗಿಗೆ ಸೇರ್ತಾನೇ ಇಲ್ಲ. ಐದೂವರೆಗೆ ಇಟ್ರೆ ಕಮ್ಮಿ, ಆರಕ್ಕೆ ಇಟ್ರೆ ಜಾಸ್ತಿ."

ನಾನು ಸ್ತಬ್ಧಳಾದೆ. ಗುರುಗಳು ಹಾಡುತ್ತಿದ್ದದ್ದು ಐದು ಮನೆ ಶ್ರುತಿಗೆ. ಅವರ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ತಂಬೂರಿ ಮೀಟಿದವಳು ನಾನು. ಫೈಲಿನಲ್ಲಿ ಅವರ ದನಿ ಸ್ವಲ್ಪ ತೆಳುವಾಗಿ, ಚಿಕ್ಕ ವಯಸ್ಸಿನವರ ಹಾಗೆ ಕೇಳಿಸಿತ್ತು ನಿಜ. ಹಳೇ ಕ್ಯಾಸೆಟ್ಟು, ಹಾಗೇ ಇರುತ್ತೆ ಅಂದುಕೊಂಡಿದ್ದೆ. ಮೊದಲಿಗಿದ್ದದ್ದು ಉಗಾಭೋಗ. ಅದಕ್ಕೆ ತಾಳದ ಕಟ್ಟಿಲ್ಲವಲ್ಲ, ಓಟ ಹೆಚ್ಚಾದದ್ದು ಗೊತ್ತಾಗಲಿಲ್ಲ. ಆಮೇಲಿನ ದೇವರನಾಮಕ್ಕೆ ಕೈಯಲ್ಲಿ ಆದಿತಾಳ ಹಾಕಿ ನೋಡಿದರೆ, ಅವರು ಎಂದೂ ಹಾಡದ ಅವಸರ!

ಕಂಪ್ಯೂಟರಿನದೋ ಫೈಲಿನದೋ ತಪ್ಪು ಅಂತ ತಿಳಿಯೋದು ಹೇಗೆ? ಅದೇ ಫೈಲನ್ನು ಫೋನಿನಲ್ಲಿ ಹಾಕಿದೆ, ಅಲ್ಲೂ ಅದೇ ಶ್ರುತಿ. ಕಂಪ್ಯೂಟರಿನಲ್ಲಿ ಬೇರೆ ಹಾಡು ಹಾಕಿದೆ, ಸರಿಯಾಗೇ ಇದೆ. ಅಲ್ಲಿಗೆ ತಪ್ಪು ಫೈಲಿನದು. ಮುಂದಿನ ಸುಳಿವು ಗಡಿಯಾರ ಕೊಟ್ಟಿತು. ಅರವತ್ತು ನಿಮಿಷದ ಕ್ಯಾಸೆಟ್ಟು, ಒಂದು ಬದಿಗೆ ಸುಮಾರು 30 ನಿಮಿಷ. ಫೈಲು 27 ನಿಮಿಷ 34 ಸೆಕೆಂಡಿಗೇ ಮುಗಿದಿತ್ತು. ಹಾಡು ಎಲ್ಲೂ ಕತ್ತರಿಸಿಲ್ಲ.

ಇದರ ಗುಟ್ಟು ಹೀಗಿದೆ. ಕಂಪ್ಯೂಟರು ನಾದವನ್ನು ಎಳೆಯಾಗಿ ಇಟ್ಟುಕೊಳ್ಳುವುದಿಲ್ಲ, ರಂಗೋಲಿಯ ಚುಕ್ಕಿಗಳ ಹಾಗೆ ಇಡುತ್ತದೆ. ಸಿಡಿಯ ಪದ್ಧತಿಯಲ್ಲಿ ಸೆಕೆಂಡಿಗೆ 44,100 ಚುಕ್ಕಿ, ವಿಡಿಯೋ ಕೆಲಸದಲ್ಲಿ ಸಾಮಾನ್ಯವಾಗಿ 48,000. ಎಷ್ಟು ಚುಕ್ಕಿ ಅನ್ನುವುದನ್ನು ಫೈಲಿನ ತಲೆಯಲ್ಲಿ ಒಂದು ಚೀಟಿಯ ಹಾಗೆ ಬರೆದಿರುತ್ತದೆ. ತುಂಬಿದ್ದು 44,100ರಲ್ಲಿ, ಚೀಟಿಯಲ್ಲಿರುವುದು 48,000 ಅಂತಾದರೆ, ಚುಕ್ಕಿಗಳನ್ನು ಬೇಗ ಬೇಗ ಓದಿ ಮುಗಿಸುತ್ತದೆ. ಹಾಡಿನ ವೇಗ ಸುಮಾರು ಶೇಕಡ 9 ಹೆಚ್ಚಾಗುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಐದು ಮನೆಯಿಂದ ಒಂದೂವರೆ ಸ್ಥಾನ ಮೇಲೆ ಅಂದರೆ ಐದೂವರೆಗೂ ಆರಕ್ಕೂ ನಟ್ಟನಡುವೆ. ಮಗು ಹೇಳಿದ್ದು ಅದನ್ನೇ! ಎಂ.ಎ. ಓದುವಾಗ ಆವರ್ತಾಂಕಗಳ ಲೆಕ್ಕವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದವಳಿಗೆ ಇದು ಮೊದಲೇ ಹೊಳೆಯಲಿಲ್ಲ ನೋಡಿ. ಇದಕ್ಕೆ ತಿರುವುಮುರುವು ಆದರೆ ಶ್ರುತಿ ಅಷ್ಟೇ ಇಳಿದು, 30 ನಿಮಿಷದ್ದು 32 ನಿಮಿಷ 39 ಸೆಕೆಂಡ್ ಆಗುತ್ತದೆ.

ಸರಿಪಡಿಸಲು ಅಡಾಸಿಟಿ ಅನ್ನುವ ಉಚಿತ ತಂತ್ರಾಂಶ ಸಾಕು. ಮೂಲ ಫೈಲಿನ ಒಂದು ಪ್ರತಿಯನ್ನು ಬೇರೆ ಎತ್ತಿಟ್ಟುಕೊಳ್ಳಿ, ಇದನ್ನು ಮರೆಯಲೇಬೇಡಿ. ಇನ್ನೊಂದು ಪ್ರತಿಯನ್ನು ತೆರೆದು, ಟ್ರ್ಯಾಕಿನ ಹೆಸರಿನ ಮೇಲೆ ಒತ್ತಿ, ಬರುವ ಪಟ್ಟಿಯಲ್ಲಿ ರೇಟ್ ಅನ್ನುವುದನ್ನು 44,100 ಮಾಡಿ, ಹೊಸ ಹೆಸರಿನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಚೇಂಜ್ ಪಿಚ್ ಅನ್ನುವುದಕ್ಕೆ ಹೋಗಬೇಡಿ. ಅದು ಶ್ರುತಿಯನ್ನಷ್ಟೇ ಇಳಿಸಿ ಓಟವನ್ನು ಹಾಗೇ ಬಿಡುತ್ತದೆ, ಗಮಕಗಳೂ ಒಂಥರಾ ನೀರಲ್ಲಿ ನೆಂದ ಹಾಗಾಗುತ್ತವೆ. ಶ್ರುತಿ ಸರಿಯಾಗಿ ಒಂದೂವರೆ ಸ್ಥಾನ ಅಲ್ಲದೆ ಕಾಲೋ ಅರ್ಧವೋ ಸರಿದಿದ್ದರೆ ಅದು ಟೇಪ್‌ರೆಕಾರ್ಡರಿನ ಮೋಟಾರು ನಿಧಾನವೋ ಜೋರೋ ಓಡಿದ್ದು ಇರಬಹುದು. ಆಗ ಶ್ರುತಿ, ವೇಗ ಎರಡನ್ನೂ ಒಟ್ಟಿಗೆ ಬದಲಿಸುವ ಚೇಂಜ್ ಸ್ಪೀಡ್ ಬೇಕಾಗುತ್ತದೆ, ಕಿವಿಯನ್ನೇ ನಂಬಿ ಮಾಡಬೇಕು.

ರೇಟ್ ಬದಲಿಸಿ ಒತ್ತಿದೆ. ತಂಬೂರಿ ಬಾಕ್ಸ್ ಐದಕ್ಕಿಟ್ಟೆ, ಎರಡೂ ಒಂದಾಗಿ ಕೂತವು. ನಡುವೆ ಗುರುಗಳು ಒಮ್ಮೆ ಕೆಮ್ಮಿ "ಇನ್ನೊಂದ್ಸಲ ಹೇಳು" ಅನ್ನುತ್ತಾರೆ. ಆ ಕೆಮ್ಮು ಕೂಡ ಅವರದ್ದೇ ಆಗಿ ಕೇಳಿಸಿತು.

ಸಂಜೆ ಹುಡುಗಿಯ ತಾಯಿಗೆ ಫೋನ್ ಮಾಡಿ, ತಪ್ಪು ಮಗುವಿನದ್ದಲ್ಲ, ನಾನು ಕೇಳಿಸಿಕೊಳ್ಳದೆ ಮಾತಾಡಿದೆ ಅಂದೆ. ಹುಡುಗಿಗೂ ಹೇಳಿದೆ. ಅವಳು "ಓಕೆ ಆಂಟಿ" ಅಂದು, ಮುಂದಿನ ಭಾನುವಾರ ಮೇಲಿನ ಮಧ್ಯಮದವರೆಗೆ ಆರಾಮಾಗಿ ಹಾಡಿದಳು.

ಇನ್ನೂ ಏಳು ಕ್ಯಾಸೆಟ್ ಬಾಕಿ ಇವೆ. ಅಣ್ಣನಿಗೆ ಹೇಳಿದ್ದೀನಿ. ಪ್ರತಿ ಕ್ಯಾಸೆಟ್ಟಿಗೂ ಮೊದಲು ತಂಬೂರಿ ಬಾಕ್ಸನ್ನು ಐದಕ್ಕಿಟ್ಟು ಹತ್ತು ಸೆಕೆಂಡು ಅದೇ ತಂತಿಯಲ್ಲಿ, ಅದೇ ಫೈಲಿಗೆ ತುಂಬಿಸು, ಎರಡೂ ಬದಿ ಎಷ್ಟು ನಿಮಿಷ ಓಡಿತು ಅಂತ ಕ್ಯಾಸೆಟ್ ಡಬ್ಬಿಯ ಮೇಲೆ ಪೆನ್ಸಿಲಲ್ಲಿ ಬರಿ ಅಂತ. ಆ ತಂಬೂರಿಯೇ ಐದಕ್ಕೆ ಬರದಿದ್ದರೆ ಚೀಟಿ ತಪ್ಪಿದೆ ಅಂತ ಮೊದಲ ಹತ್ತು ಸೆಕೆಂಡಿನಲ್ಲೇ ಗೊತ್ತಾಗುತ್ತದೆ.