ಗಣಕಯಂತ್ರಕ್ಕೆ ಕನ್ನ: ಅಪರಾಧವೂ ದಂಡನೆಯೂ

ಮನೆಯ ಗೋಡೆಗೆ ಕನ್ನವಿಟ್ಟವನನ್ನು ಕಳ್ಳನೆನ್ನುತ್ತೇವೆ. ಪರರ ಗಣಕಯಂತ್ರದೊಳಕ್ಕೆ ಅಪ್ಪಣೆಯಿಲ್ಲದೆ ನುಸುಳಿದವನನ್ನು ಏನೆನ್ನಬೇಕು? ಅಲ್ಲಿ ಬೀಗ ಮುರಿದ ಗುರುತಿರುವುದಿಲ್ಲ. ಕೆಲವೊಮ್ಮೆ ಕಳೆದುಹೋದ ವಸ್ತುವೂ ಇರುವುದಿಲ್ಲ. ಹ್ಯಾಕಿಂಗ್ ಎಂದು ಹೆಸರಾದ ಈ ಕೃತ್ಯಕ್ಕೆ ತಕ್ಕ ದಂಡನೆ ಯಾವುದು, ಆ ದಂಡನೆಯು ಇತರರನ್ನು ತಡೆಯುವ ಬಗೆ ಹೇಗೆ ಎಂಬುದನ್ನು ವಿಚಾರಿಸೋಣ.

ಮೊದಲು ಒಂದು ಹೋಲಿಕೆ. ಕುಮಟಾ ತಾಲ್ಲೂಕಿನ ಕಾಗಾಲದ ಕಡೆ ಅಘನಾಶಿನಿಯ ಉಪ್ಪುನೀರಿಗೆ ಅಡ್ಡಲಾಗಿ ಒಡ್ಡು ಕಟ್ಟಿ, ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಒಬ್ಬನು ಒಡ್ಡನ್ನೇರಿ ಸುಮ್ಮನೆ ಇಣುಕಿ ಹೋದನೆನ್ನಿ. ಇನ್ನೊಬ್ಬನು ಕುತೂಹಲದಿಂದ ತೂಬನ್ನು ಎಳೆದು ನೀರು ನುಗ್ಗಿಸಿದನು. ಮೂರನೆಯವನು ಮೀನು ಕದಿಯಲು ಬೇಕೆಂದೇ ಒಡ್ಡನ್ನು ಒಡೆದನು. ಕೊನೆಯ ಇಬ್ಬರಿಂದಲೂ ಬೆಳೆ ಹಾಳಾಯಿತು. ಆದರೆ ಅವರ ಉದ್ದೇಶ ಒಂದೇ ಅಲ್ಲ. ಆದುದರಿಂದ ನ್ಯಾಯವು ಹಾನಿಯನ್ನೂ ಉದ್ದೇಶವನ್ನೂ ಜೊತೆಯಾಗಿ ತೂಗಬೇಕಾಗುತ್ತದೆ.

ನಮ್ಮ ದೇಶದ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಈ ತೂಕವನ್ನು ಕಾಣಬಹುದು. ಅಪ್ಪಣೆಯಿಲ್ಲದೆ ಪ್ರವೇಶಿಸಿದವನು ನಷ್ಟ ಹೊಂದಿದವನಿಗೆ ಪರಿಹಾರ ತೆರಬೇಕೆಂದು 43ನೆಯ ಕಲಮು ಹೇಳುತ್ತದೆ. ಅದೇ ಕೃತ್ಯದಲ್ಲಿ ಅಪ್ರಾಮಾಣಿಕತೆ ಅಥವಾ ವಂಚನೆಯ ಉದ್ದೇಶವಿದ್ದರೆ 66ನೆಯ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ. ಸರ್ಕಾರವು ಸಂರಕ್ಷಿತವೆಂದು ಸಾರಿದ ವ್ಯವಸ್ಥೆಗೆ ಕೈಹಾಕಿದರೆ 10 ವರ್ಷಗಳವರೆಗೆ ಸೆರೆ. ಸೈಬರ್ ಭಯೋತ್ಪಾದನೆಗೆ ಜೀವಾವಧಿಯವರೆಗೂ ಶಿಕ್ಷೆಯುಂಟು.

ಎರಡು ನಿದರ್ಶನಗಳನ್ನು ನೋಡೋಣ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ ಕ್ರಮವಿಧಿಯೊಂದು ತಾನೇ ತಾನಾಗಿ ಹಬ್ಬಿ ಸಾವಿರಾರು ಗಣಕಯಂತ್ರಗಳನ್ನು ಸ್ತಬ್ಧಗೊಳಿಸಿತು. ನ್ಯಾಯಾಲಯವು 1990ರಲ್ಲಿ ಆತನನ್ನು ಸೆರೆಮನೆಗೆ ಕಳುಹಿಸಲಿಲ್ಲ. 3 ವರ್ಷಗಳ ಮೇಲ್ವಿಚಾರಣೆ, 400 ಗಂಟೆಗಳ ಸಮಾಜಸೇವೆ, 10,050 ಡಾಲರು ದಂಡ ವಿಧಿಸಿತು. ಆತನು ಮುಂದೆ ಪ್ರಾಧ್ಯಾಪಕನಾದನು. 2019ರಲ್ಲಿ ಕರ್ನಾಟಕ ಸರ್ಕಾರದ ಟೆಂಡರು ಜಾಲತಾಣಕ್ಕೆ ಕನ್ನ ಬಿದ್ದು, ಗುತ್ತಿಗೆದಾರರ ಠೇವಣಿಯಿಂದ 11 ಕೋಟಿ ರೂಪಾಯಿಗೂ ಮೀರಿದ ಹಣವು ಕಳುವಾಯಿತು. ಇದು ಶುದ್ಧ ಕಳವು. ಇವೆರಡಕ್ಕೂ ಒಂದೇ ದಂಡನೆ ಸಲ್ಲದಷ್ಟೆ.

ಹಾಗಾದರೆ ಶಿಕ್ಷೆಯನ್ನು ಇಮ್ಮಡಿಸಿದರೆ ಅಪರಾಧ ನಿಲ್ಲುವುದೆ? ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ನಿಶ್ಚಿತತೆಯೇ ಅಪರಾಧವನ್ನು ತಡೆಯುತ್ತದೆಂದು ಇಟಲಿಯ ಬೆಕಾರಿಯಾ 1764ರಲ್ಲೇ ವಾದಿಸಿದ್ದನು. ಈ ಮಾತು ಗಣಕಾಪರಾಧಕ್ಕೆ ವಿಶೇಷವಾಗಿ ಒಪ್ಪುತ್ತದೆ. ದೂರದಲ್ಲಿ ಕುಳಿತು, ತನ್ನನ್ನು ಯಾರೂ ಕಾಣರೆಂದು ನಂಬಿದವನಿಗೆ ಪುಸ್ತಕದಲ್ಲಿರುವ ಹತ್ತು ವರ್ಷಗಳ ಭಯವಿಲ್ಲ. ಸಿಕ್ಕಿಬೀಳುವುದು ಖಂಡಿತವೆಂದು ತಿಳಿದರೆ ಒಂದು ವರ್ಷವೂ ಸಾಕು. ಆದ್ದರಿಂದಲೇ ಯಂತ್ರದಲ್ಲಿ ಉಳಿಯುವ ಹೆಜ್ಜೆಗುರುತುಗಳನ್ನು ಓದಬಲ್ಲ ಪೊಲೀಸರು ಅವಶ್ಯ. ಬೆಂಗಳೂರಿನಲ್ಲಿ 2001ರಲ್ಲಿ ಸೈಬರ್ ಅಪರಾಧ ಠಾಣೆಯು ಆರಂಭವಾದುದು ಈ ದಿಕ್ಕಿನಲ್ಲಿಟ್ಟ ಹೆಜ್ಜೆ.

ವಿದ್ಯಾರ್ಥಿಗಳು ಒಂದನ್ನು ಮರೆಯಬಾರದು. ಬೀಗದ ದೋಷವನ್ನು ಯಜಮಾನನ ಅಪ್ಪಣೆ ಪಡೆದು ಹುಡುಕುವುದು ಇಂದು ಗೌರವದ ಉದ್ಯೋಗ. ಅಪ್ಪಣೆಯಿಲ್ಲದೆ ಹುಡುಕಿದರೆ ಅದೇ ವಿದ್ಯೆ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಿಸುತ್ತದೆ. ಕುತೂಹಲಕ್ಕೆ ತಿದ್ದುಪಾಟು, ಕಳವಿಗೆ ಸೆರೆಮನೆ, ಎರಡಕ್ಕೂ ತಪ್ಪದ ಪತ್ತೆ: ನ್ಯಾಯವಾದ ದಂಡನೆಯ ಲಕ್ಷಣವಿದು.